ಹೂಂ ಅನ್ನುವುದಕ್ಕೆ ಮೊದಲು

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕೂತು ಈ ಪುಟ ಓದುತ್ತಿರುವ ಅಜ್ಜ ಅಜ್ಜಿಯರೇ, ಈ ವಾರ ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಮಾತು ಶುರು ಮಾಡುತ್ತೇನೆ.

ನಮ್ಮ ಮನೆಯ ಪುಟ್ಟಿ ಐದನೇ ತರಗತಿ. ಹೋದ ಚಳಿಗಾಲದ ಒಂದು ಬೆಳಿಗ್ಗೆ ನಾನು ಜಗುಲಿಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದೆ. ಅವಳು ಚೀಲ ಹೆಗಲಿಗೇರಿಸಿಕೊಂಡು ಬಂದು ಏನೋ ಕೇಳಿದಳು. ನಾನು ತಲೆ ಎತ್ತಿ ನಕ್ಕು "ಹೂಂ" ಅಂದೆ. ಅವಳು ಮತ್ತೊಮ್ಮೆ ಏನೋ ಕೇಳಿದಳು. ನಾನು ಮತ್ತೂ ಜೋರಾಗಿ ತಲೆಯಾಡಿಸಿ "ಹೂಂ, ಹೂಂ" ಅಂದೆ. ಅವಳು ಕುಣಿದುಕೊಂಡು ಹೋದಳು. ನಾನು ಪತ್ರಿಕೆಗೆ ಮರಳಿದೆ.

ಸಂಜೆ ಆರೂವರೆಗೆ ಅವಳು ಅಮ್ಮನ ಜೊತೆ ವಾಪಸ್ ಬಂದಳು. ಮೈಮೇಲೆ ರೇಷ್ಮೆ ಲಂಗ, ತಲೆಯಲ್ಲಿ ಬಾಡಿದ ಹೂವು. ನನ್ನ ಮುಂದೆಯೇ ಹಾದು ಒಳಗೆ ಹೋದವಳು ಬಾಗಿಲ ಹತ್ತಿರ ನಿಂತು, ತಿರುಗಿ, ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ತಾತ, ಬರ್ತೀನಿ ಅಂದಿದ್ಯಲ್ಲ! ಎರಡು ಸಲ ಕೇಳ್ದೆ. ಎರಡು ಸಲನೂ ಹೂಂ ಅಂದೆ."

ಅವತ್ತು ಅವರ ಶಾಲೆಯ ವಾರ್ಷಿಕೋತ್ಸವ. ಪುಟ್ಟಿಯ ಹಾಡು ಇತ್ತು. ನನ್ನಾಕೆ ತುಮಕೂರಿನ ಮಗಳ ಮನೆಗೆ ಹೋಗಿದ್ದಳು, ಮಗ ಊರಲ್ಲಿರಲಿಲ್ಲ, ಸೊಸೆ ಕೆಲಸದಿಂದ ನೇರವಾಗಿ ಶಾಲೆಗೆ ಹೋಗಿದ್ದಳು. ತಾತ ಹೇಗೂ ಬರುತ್ತೇನೆ ಅಂದಿದ್ದಾನೆ ಎಂದು ಮಗು ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ತನ್ನ ನೀರಿನ ಬಾಟಲಿ ಇಟ್ಟು ಜಾಗ ಹಿಡಿದಿತ್ತಂತೆ. ಹಾಡು ಮುಗಿಯುವವರೆಗೂ ಆ ಕುರ್ಚಿಯ ಮೇಲೆ ಬಾಟಲಿಯೇ ಇತ್ತಂತೆ.

ನಿಜ ಹೇಳುತ್ತೇನೆ. ಅವಳು ಬೆಳಿಗ್ಗೆ ಕೇಳಿದ್ದರಲ್ಲಿ ಒಂದು ಪದವೂ ನನಗೆ ಕೇಳಿಸಿರಲಿಲ್ಲ.

ಇದು ಒಂದು ದಿನದ ಮಾತಲ್ಲ. ಮೂರು ವರ್ಷಗಳಿಂದ ನನ್ನ ಕಿವಿ ಮಂದವಾಗುತ್ತಿತ್ತು. ನನಗೆ ಅದು ಗೊತ್ತಿತ್ತು. ಬೇರೆಯವರಿಗೆ ಗೊತ್ತಾಗಬಾರದೆಂದು ನಾಟಕ ಆಡುತ್ತಿದ್ದೆ. ಎಲ್ಲರೂ ನಕ್ಕಾಗ ನಗುವುದು, ಎಲ್ಲರೂ ತಲೆಯಾಡಿಸಿದಾಗ ಆಡಿಸುವುದು, ಉಳಿದದ್ದಕ್ಕೆಲ್ಲ ಒಂದು "ಹೂಂ". ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ತಾರೀಖು, ಮೊತ್ತ, ಸಹಿ ಈ ಮೂರನ್ನೂ ನೋಡದೆ ಒಂದು ವೋಚರನ್ನೂ ಮುಂದಕ್ಕೆ ಕಳಿಸಿದವನಲ್ಲ. ಅಂಥವನು ಮನೆಯಲ್ಲಿ ಮಾತ್ರ ಬಂದ ವೋಚರಿಗೆಲ್ಲ ಓದದೆ ಮುದ್ರೆ ಒತ್ತುತ್ತಿದ್ದೆ. ಲೆಕ್ಕ ತಪ್ಪಿದ್ದು ಪುಟ್ಟಿಯ ಖಾತೆಯಲ್ಲಿ.

ಆ ವಾರವೇ ಕಿವಿ ತೋರಿಸಲು ಹೊರಟೆ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿರಬಹುದು, ತೆಗೆದರೆ ಸರಿಹೋಗುತ್ತದೆ ಎಂಬ ಆಸೆ ಒಳಗೊಳಗೆ ಇತ್ತು. ಡಾಕ್ಟರು ದೀಪ ಹಿಡಿದು ನೋಡಿ, "ಗುಗ್ಗೆ ಏನೂ ಇಲ್ಲ ಯಜಮಾನ್ರೇ, ವಯಸ್ಸು" ಅಂದರು. ಸದ್ದು ಒಳಗೆ ಬಾರದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. 'ಕೀಂ' ಎಂದು ಕೇಳಿಸಿದಾಗೆಲ್ಲ ಗುಂಡಿ ಒತ್ತಬೇಕು. ನಾನು ಬಹಳ ಹೊತ್ತು ಒತ್ತದೆ ಕೂತಿದ್ದೆ. ಪರೀಕ್ಷೆ ಮುಗಿದ ಮೇಲೆ ಆ ಹುಡುಗಿ ಒಂದು ನಕ್ಷೆ ತೋರಿಸಿದಳು. ಎಡಗಡೆ ಮೇಲಿದ್ದ ಗೆರೆ ಬಲಗಡೆಗೆ ಹೋಗುತ್ತಾ ಹೋಗುತ್ತಾ ನಮ್ಮ ಪಾವಗಡದ ಬೆಟ್ಟದಿಂದ ಇಳಿಯುವ ದಾರಿಯ ಹಾಗೆ ಕೆಳಗೆ ಜಾರಿತ್ತು. ಎಡಗಡೆ ದಪ್ಪ ದನಿಗಳು, ಬಲಗಡೆ ಸಣ್ಣ, ತೀಕ್ಷ್ಣ ದನಿಗಳು. ನನಗೆ ದಪ್ಪ ದನಿ ಇನ್ನೂ ಕೇಳುತ್ತಿತ್ತು, ಸಣ್ಣ ದನಿ ಹೋಗಿತ್ತು.

ಮಕ್ಕಳೇ, ಇದು ಯಾಕೆ ಹೀಗೆ ಎಂದು ನಿಮಗೆ ಹೇಳಲೇಬೇಕು. ನಿಮಗೂ ಇದರಲ್ಲಿ ಪಾಠ ಇದೆ.

ಸದ್ದು ಎಂದರೆ ಗಾಳಿಯ ಅಲುಗಾಟ. ಗಂಟೆ ಬಡಿದರೆ ಗಂಟೆ ಅದುರುತ್ತದೆ, ಅದರ ಸುತ್ತಲಿನ ಗಾಳಿ ಅದುರುತ್ತದೆ, ಆ ಅದುರು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತದೆ. ಕಿವಿಯ ತಮಟೆಗೆ ತಗಲುತ್ತದೆ. ತಮಟೆಯ ಹಿಂದೆ ಮೂರು ಪುಟಾಣಿ ಮೂಳೆಗಳಿವೆ. ಕೊನೆಯದು ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್, ಒಂದು ಅಕ್ಕಿ ಕಾಳಿಗಿಂತ ಚಿಕ್ಕದು. ಅವು ಆ ಅದುರನ್ನು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಳಕಿವಿಗೆ ದಾಟಿಸುತ್ತವೆ. ಅಲ್ಲಿ ಕೂದಲಿನಂಥ ತುದಿಗಳಿರುವ ಸೂಕ್ಷ್ಮ ಜೀವಕೋಶಗಳು ಸಾಲಾಗಿ ನಿಂತಿವೆ. ಒಂದು ಕಿವಿಗೆ ಅಂದಾಜು 15,000. ಅವು ಅಲುಗಿದಾಗಲೇ ಮಿದುಳಿಗೆ ಸುದ್ದಿ ಹೋಗುವುದು.

ಈ 15,000 ಕೋಶಗಳೇ ನಾವು ಹುಟ್ಟುವಾಗ ತಂದ ಠೇವಣಿ. ಇದರಲ್ಲಿ ತೆಗೆಯಬಹುದು, ಮತ್ತೆ ಕಟ್ಟುವ ಹಾಗಿಲ್ಲ. ಕೂದಲು ಉದುರಿದರೆ ಬೆಳೆದೀತು, ಹಾಲುಹಲ್ಲು ಬಿದ್ದರೆ ಹೊಸ ಹಲ್ಲು ಬಂದೀತು. ಮನುಷ್ಯರಲ್ಲಿ ಈ ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಣ್ಣ ದನಿಗಳನ್ನು ಹಿಡಿಯುವ ಕೋಶಗಳು ಒಳಕಿವಿಯ ಬಾಗಿಲಲ್ಲೇ ಇವೆ, ದಪ್ಪ ದನಿಯವು ಆಳದಲ್ಲಿವೆ. ಬಾಗಿಲ ಬಳಿಯ ಚಾಪೆ ಮೊದಲು ಸವೆಯುವ ಹಾಗೆ ವಯಸ್ಸಾದಂತೆ ಮೊದಲು ಸವೆಯುವುದು ಸಣ್ಣ ದನಿಯ ಕೋಶಗಳು. ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಸಲ ಅದುರುವ ದನಿಗಳನ್ನು ಕೇಳಬಲ್ಲದು. ನನ್ನ ವಯಸ್ಸಿನವರಿಗೆ ಮೇಲಿನ ಮೆಟ್ಟಿಲುಗಳು ಒಂದೊಂದಾಗಿ ಕುಸಿದಿರುತ್ತವೆ.

ಕನ್ನಡದಲ್ಲಿ ಅ, ಆ, ಉ, ಊ ಇಂಥ ಸ್ವರಗಳಿಗೆ ದಪ್ಪ ದನಿಯ ಬಲ ಇದೆ. ಸ, ಶ, ತ, ಹ, ಪ ಇಂಥವು ತೆಳ್ಳನೆಯವು. ಹಾಗಾಗಿ ಮಾತು ಕೇಳುತ್ತದೆ, ಪದ ತಿಳಿಯುವುದಿಲ್ಲ. ನನ್ನಾಕೆ ಅಡುಗೆಮನೆಯಿಂದ "ಹಾಲು ತಂದ್ರಾ?" ಎಂದರೆ ನನಗೆ "ಸಾಲ ತಂದ್ರಾ?" ಎಂದು ಕೇಳಿಸುತ್ತಿತ್ತು. ಬ್ಯಾಂಕಿನವನಿಗೆ ಎಲ್ಲವೂ ಸಾಲವೇ ಎಂದು ಮನೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಆ ಹುಡುಗಿ ಹೇಳಿದ ಇನ್ನೊಂದು ಮಾತಿಗೆ ನನಗೆ ನಗು ಬರಲಿಲ್ಲ. ಗಂಡಸರ ದನಿ ದಪ್ಪ, ಅದು ಹೆಚ್ಚು ಕಾಲ ಕೇಳುತ್ತದೆ. ಹೆಂಗಸರ ದನಿ ಸಣ್ಣದು. ಮಕ್ಕಳ ದನಿ ಎಲ್ಲಕ್ಕಿಂತ ಸಣ್ಣದು. ಅಂದರೆ ಮುದುಕರ ಕಿವಿಯಿಂದ ಮೊದಲು ಜಾರಿಹೋಗುವುದು ಮೊಮ್ಮಕ್ಕಳ ಮಾತು.

ಪುಟ್ಟಿ ಎರಡನೇ ತರಗತಿಯಲ್ಲಿದ್ದಾಗ ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. 'ಸ' ಎನ್ನಲು ಹೋದರೆ ಬರೀ ಗಾಳಿ ಬರುತ್ತಿತ್ತಂತೆ. ಮನೆಯವರೆಲ್ಲ ಬೇಕೆಂದೇ ಅವಳಿಂದ "ಸಾಸಿವೆ" ಅನ್ನಿಸಿ ನಗುತ್ತಿದ್ದರಂತೆ. ನಾನೂ ನಕ್ಕಿದ್ದೆನಂತೆ. ಯಾಕೆ ನಕ್ಕೆ ಎಂದು ನನಗೆ ಗೊತ್ತಿಲ್ಲ, ಆ 'ಸ' ನನಗೆ ಕೇಳಿಸಿಯೇ ಇರಲಿಲ್ಲ. ಕಿವಿಗೆ ಯಂತ್ರ ಹಾಕಿಕೊಳ್ಳುವ ಹೊತ್ತಿಗೆ ಹೊಸ ಹಲ್ಲು ಬಂದು ಮೂರು ವರ್ಷವಾಗಿತ್ತು. ಅವಳ 'ಸ' ಈಗ ಬೆಳ್ಳಿಯಂತಿದೆ. ಆ ಹಳೆಯ 'ಸ' ಇನ್ನು ಯಾವ ಯಂತ್ರದಿಂದಲೂ ಸಿಗುವುದಿಲ್ಲ.

ಕಿವಿ ಎಂದರೆ ಸುದ್ದಿ ಬರುವ ದಾರಿ ಎಂದಷ್ಟೇ ನಾನು ತಿಳಿದಿದ್ದೆ. ಸುದ್ದಿಯನ್ನು ಪತ್ರಿಕೆಯಲ್ಲೂ ಓದಬಹುದು. ಕಿವಿಯಿಂದ ಬರುವುದು ಜನ. ತಾಯಿಯ ಹೊಟ್ಟೆಯಲ್ಲಿರುವಾಗಲೇ, ಏಳನೇ ತಿಂಗಳ ಹೊತ್ತಿಗೆ, ಮಗುವಿಗೆ ತಾಯಿಯ ದನಿ ಕೇಳಿಸುತ್ತಿರುತ್ತದೆ. ಲೋಕವನ್ನು ಕಣ್ಣಿಂದ ನೋಡುವ ಮೊದಲೇ ನಾವು ಅದನ್ನು ಕೇಳಿರುತ್ತೇವೆ. ಹುಟ್ಟಿದ ಮೇಲೆ ಜೋಗುಳ. ಮಾತಿನ ಅರ್ಥ ಆಗದ ಕೂಸಿಗೂ ಆ ರಾಗದ ಅರ್ಥ ಆಗುತ್ತದೆ: ಹೆದರಬೇಡ, ನಾನಿಲ್ಲೇ ಇದ್ದೇನೆ.

ನಾನು ಹುಡುಗನಾಗಿದ್ದಾಗ ನಮ್ಮ ಸೀಮೆಯ ಬಾವಿಗಳಲ್ಲಿ ಕಪಿಲೆ ಇತ್ತು. ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಚರ್ಮದ ದೊಡ್ಡ ಬಾನಿಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದರು. ಹಗ್ಗದ ಇನ್ನೊಂದು ತುದಿ ಜೋಡೆತ್ತಿನ ನೊಗಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ಹೋದರೆ ಬಾನಿ ಮೇಲೆ ಬರುತ್ತಿತ್ತು, ನೀರು ಕಾಲುವೆಗೆ ಬೀಳುತ್ತಿತ್ತು. ಕೋಳಿ ಕೂಗುವ ಮೊದಲೇ ಗಾಲಿಯ ಕಿರುಗುಟ್ಟು, ಅದರ ಜೊತೆಗೆ ಹೊಡೆಯುವವನ ಹಾಡು. ಹಾಡಿನ ಒಂದು ಸಾಲು ಎತ್ತು ಇಳಿಯುವುದಕ್ಕೆ, ಇನ್ನೊಂದು ಸಾಲು ಹಿಂದಕ್ಕೆ ಸರಿಯುವುದಕ್ಕೆ. ನಮ್ಮ ಚಿಕ್ಕಪ್ಪನಿಗೆ ನೆಗಡಿಯಾಗಿ ದನಿ ಕಟ್ಟಿದ ದಿನ ಎತ್ತುಗಳು ಹೆಜ್ಜೆ ತಪ್ಪಿ ನಿಂತುಬಿಟ್ಟಿದ್ದು ನನಗೆ ನೆನಪಿದೆ. ಮನೆಯೊಳಗೆ ಅವ್ವ ರಾಗಿ ಬೀಸುವಾಗ ಒಂದು ಪದ, ಹೊಲದಲ್ಲಿ ಕಳೆ ಕೀಳುವಾಗ ಒಂದು ಪದ, ಮದುವೆಗೆ ಸೋಬಾನೆ. ದುಡಿಮೆಯ ಅರ್ಧ ಭಾರವನ್ನು ಹಾಡೇ ಹೊರುತ್ತಿತ್ತು. ಇವತ್ತು ನಮ್ಮ ತಿರುಮಣಿ ಕಡೆ ಹೋದರೆ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಬಿಸಿಲಿಗೆ ಮುಖ ಮಾಡಿ ಮಲಗಿವೆ. 2,050 ಮೆಗಾವಾಟ್ ವಿದ್ಯುತ್ ಅಲ್ಲಿ ಸದ್ದಿಲ್ಲದೆ ಹುಟ್ಟುತ್ತದೆ. ಬರಗಾಲದ ಊರಿಗೆ ಬೆಳಕು ಬಂತು, ಸಂತೋಷವೇ. ಅದಕ್ಕೆ ಹಾಡು ಬೇಕಿಲ್ಲ ಎಂಬುದೂ ನಿಜವೇ.

ಹಾಡಿನ ಬಗ್ಗೆ ನಾನು ಕಲಿತ ದೊಡ್ಡ ಪಾಠ ಬ್ಯಾಂಕಿನ ಕೌಂಟರಿನಲ್ಲಿ ಶುರುವಾಯಿತು. 1970ರ ದಶಕದ ಕೊನೆ. ಶಿರಾ ಕಡೆಯ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಕುರಿ ಸಾಲ ಕೇಳಲು ಕಾಡುಗೊಲ್ಲರ ಹಿರಿಯರೊಬ್ಬರು ಬಂದರು. ಹೆಗಲಲ್ಲಿ ಕಂಬಳಿ, ಕೈಯಲ್ಲಿ ನನ್ನ ಎದೆಮಟ್ಟ ಬರುವ ಬಿದಿರಿನ ಕೊಳವೆ. ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗಲೂ ಅದನ್ನು ನೆಲಕ್ಕಿಡದೆ ಮೊಮ್ಮಗನ ಕೈಗೆ ಕೊಟ್ಟರು. "ಏನಜ್ಜ ಅದು, ಕೊಳಲಾ? ಒಂದ್ಸಲ ಊದಿ ನೋಡೋಣ" ಅಂದೆ. ಅಜ್ಜ ನನ್ನನ್ನು ಒಂದು ಗಳಿಗೆ ನೋಡಿದರು. "ಇದು ಗಣೆ ಸಾಮಿ. ಜುಂಜಪ್ಪಂದು. ಇಂಗೆಲ್ಲ ಊದೋದಲ್ಲ. ಕೇಳ್ಬೇಕು ಅಂದ್ರೆ ನಮ್ಮ ಹಟ್ಟಿಗೆ ಬಾ" ಅಂದರು.

ಶಿರಾ, ಹಿರಿಯೂರು, ಚಳ್ಳಕೆರೆ, ಪಾವಗಡ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪ ಎಂದರೆ ದನ ಕಾಯ್ದ ವೀರ, ಮನೆದೇವರು. ಅವನ ಕತೆ ರಾತ್ರಿಯಿಡೀ ಹಾಡುವಷ್ಟು ದೊಡ್ಡ ಕಾವ್ಯ. ಆ ಕಾವ್ಯಕ್ಕೆ ಜೊತೆಯಾಗುವ ವಾದ್ಯವೇ ಗಣೆ.

ನಾನು ಹೋದೆ. ಸೈಕಲ್ಲನ್ನು ಹಟ್ಟಿಯ ಮುಳ್ಳುಬೇಲಿಯ ಹೊರಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು, ಗುಡಿಯ ಮುಂದೆ ಒಂದು ಬದಿಗೆ ಕೂತೆ. ಗಣೆಯ ದನಿ ಮೊದಲು ಗಾಳಿಯಂತಿತ್ತು. ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗಲಿಲ್ಲ. ಕೊಳಲಿನ ಹಾಗೆ ಮೇಲೆ ಹಾರುವ ದನಿಯಲ್ಲ, ನೆಲದ ಮೇಲೆ ಹರಿದುಬರುವ ದನಿ. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅಜ್ಜ ಊದುವುದು ನಿಲ್ಲಿಸಿ ಒಂದು ಸಾಲು ಹಾಡುತ್ತಿದ್ದರು, ಉಳಿದವರು ಅದನ್ನು ಎತ್ತಿಕೊಳ್ಳುತ್ತಿದ್ದರು. ಜುಂಜಪ್ಪ ಗಣೆ ಊದಿದರೆ ಅಡವಿಯ ದನಗಳೆಲ್ಲ ಅವನಿದ್ದಲ್ಲಿಗೆ ಬರುತ್ತಿದ್ದವು ಎನ್ನುವ ಕತೆ. ಆ ರಾತ್ರಿ ಅದನ್ನು ನಂಬಲು ನನಗೆ ಕಷ್ಟವಾಗಲಿಲ್ಲ, ನಾನೂ ಸೈಕಲ್ ತುಳಿದು ಬಂದಿದ್ದೆನಲ್ಲ.

ನಡುವೆ ಒಂದು ವಿಷಯ ಗಮನಿಸಿದೆ. ಹಾಡಿನ ಮಧ್ಯೆ ಅಜ್ಜ ಕತೆಯನ್ನು ಮಾತಿನಲ್ಲಿ ಹೇಳುವಾಗ ಪಕ್ಕದಲ್ಲಿದ್ದವನೊಬ್ಬ ಪ್ರತಿ ಮಾತಿಗೂ "ಹೂಂ" ಅನ್ನುತ್ತಿದ್ದ. ಒಮ್ಮೆ ಅವನು ತೂಕಡಿಸಿದ. ಅಜ್ಜ ಕತೆ ನಿಲ್ಲಿಸಿಬಿಟ್ಟರು. ಅವನು ಎಚ್ಚೆತ್ತು "ಹೂಂ" ಅಂದ ಮೇಲೆಯೇ ಕತೆ ಮುಂದಕ್ಕೆ ಹೋಯಿತು. ಬೆಳಗಿನ ಜಾವ ನಾನು ಹೊರಟಾಗ ಅದನ್ನೇ ಕೇಳಿದೆ. ಅಜ್ಜ ಹೇಳಿದರು: "ಹೂಂ ಅನ್ನೋರಿಲ್ದಿದ್ರೆ ಕತೆ ಯಾರಿಗೆ ಹೇಳಾದು ಸಾಮಿ? ಹೇಳೋನ್ದು ಅರ್ಧ, ಕೇಳೋನ್ದು ಅರ್ಧ."

ಇದು ನಮಗೆ ಹೊಸದಲ್ಲ. ನಮ್ಮ ಅಜ್ಜಿಯರೆಲ್ಲ ಕತೆ ಹೇಳುವ ಮೊದಲು ಮಾಡುತ್ತಿದ್ದ ಕರಾರು ಇದೇ: "ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳಲ್ಲ." ನಿದ್ದೆ ಬಂದ ಮಗುವಿನ ಹೂಂ ಯಾವುದು, ಎಚ್ಚರವಿರುವ ಮಗುವಿನ ಹೂಂ ಯಾವುದು ಎಂದು ಅಜ್ಜಿಗೆ ಕತ್ತಲಲ್ಲೂ ತಿಳಿಯುತ್ತಿತ್ತು.

ಜುಂಜಪ್ಪನ ಕಾವ್ಯ ತಲೆಮಾರುಗಳಿಂದ ಬಂದದ್ದು ಪುಸ್ತಕದಲ್ಲಿ ಅಲ್ಲ, ಬರೀ ಬಾಯಿ ಮತ್ತು ಕಿವಿಗಳ ಮೂಲಕ. ಒಂದೇ ಒಂದು ತಲೆಮಾರು ಕೇಳದೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಎಂಬ ತಾಯಿ ಇದ್ದರು. ಅಕ್ಷರ ಬಾರದ ಅವರಿಗೆ ಸಾವಿರಾರು ಪದ ಬಾಯಲ್ಲಿತ್ತು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವರ ಎದುರು ಕೂತು ಕೇಳಿ ಬರೆದುಕೊಂಡರು. ಹಾಗಾಗಿ ಅವು ನಮಗೂ ಸಿಕ್ಕಿವೆ. ಹಾಡಿದ ಸಿರಿಯಜ್ಜಿ ದೊಡ್ಡವರು. ಕೂತು ಹೂಂ ಅಂದವರೂ ಸಣ್ಣ ಕೆಲಸ ಮಾಡಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಆಕಾಶಕ್ಕೆ ಕಳಿಸಿದರು. ಒಂದೊಂದರಲ್ಲೂ ಚಿನ್ನದ ಲೇಪದ ಒಂದು ತಟ್ಟೆ ಇದೆ, ಹಳೇ ಗ್ರಾಮಫೋನ್ ತಟ್ಟೆಯಂಥದ್ದು. ಎಲ್ಲಿಯಾದರೂ ಬೇರೆ ಜೀವಿಗಳಿದ್ದರೆ ಭೂಮಿಯವರು ಎಂಥವರು ಎಂದು ತಿಳಿಯಲಿ ಎಂದು ಅದರಲ್ಲಿ ಚಿತ್ರಗಳ ಜೊತೆಗೆ ಸದ್ದುಗಳನ್ನೂ ತುಂಬಿದರು. ಮಳೆ, ಗುಡುಗು, ಕಪ್ಪೆ, ನಾಯಿ, ರೈಲು, ತಾಯಿ ಮಗುವಿಗೆ ಮುತ್ತಿಡುವ ಸದ್ದು. ಸುಮಾರು ಒಂದೂವರೆ ಗಂಟೆಯ ಸಂಗೀತ. ಅದರಲ್ಲಿ ನಮ್ಮ ದೇಶದ ಕೇಸರಬಾಯಿ ಕೇರ್ಕರ್ ಅವರು ಭೈರವಿಯಲ್ಲಿ ಹಾಡಿದ ಒಂದು ಹಾಡೂ ಇದೆ. ಜೊತೆಗೆ 55 ಭಾಷೆಗಳಲ್ಲಿ ನಮಸ್ಕಾರ. ಆ 55ರಲ್ಲಿ ಕನ್ನಡ ಇದೆ, ತೆಲುಗೂ ಇದೆ. ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಪಾವಗಡದವರಿಗೆ ಇದಕ್ಕಿಂತ ಸಂತೋಷ ಬೇಕೆ! ಮೊದಲ ವಾಯೇಜರ್ ಈಗ 2,400 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಅಷ್ಟು ದೂರದ ಕತ್ತಲಲ್ಲಿ ಯಾರಾದರೂ ಒಮ್ಮೆ "ಹೂಂ" ಅಂದಾರು ಎಂದು ಮನುಷ್ಯ ಕಾಯುತ್ತಿದ್ದಾನೆ.

ಇಲ್ಲಿ, ಎರಡಡಿ ದೂರದಲ್ಲಿ ಚೀಲ ಹಾಕಿಕೊಂಡು ನಿಂತ ಮಗುವೂ ಅದಕ್ಕೇ ಕಾಯುತ್ತಿತ್ತು. ಅದಕ್ಕೆ ನಾನು ಕೊಟ್ಟದ್ದು ಖೋಟಾ ಹೂಂ.

ಯಂತ್ರ ಹಾಕಿಕೊಂಡ ಮೊದಲ ವಾರ ಸುಖವಾಗಿರಲಿಲ್ಲ ಎಂದೂ ಹೇಳಬೇಕು. ಪತ್ರಿಕೆ ಮಡಚಿದರೆ ಬೆಂಕಿ ಹತ್ತಿದ ಸದ್ದು. ಹಪ್ಪಳ ಕಡಿದರೆ ಗೋಡೆ ಬಿದ್ದ ಸದ್ದು. ಫ್ಯಾನು, ಕುಕ್ಕರು, ನನ್ನದೇ ಚಪ್ಪಲಿ, ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದವು. ತೆಗೆದು ಮೇಜಿನ ಖಾನೆಗೆ ಹಾಕಿಬಿಡೋಣ ಅನ್ನಿಸಿತು. ಎಷ್ಟೋ ಮನೆಗಳಲ್ಲಿ ಕಿವಿಯ ಯಂತ್ರ ಹೀಗೇ ಖಾನೆ ಸೇರಿರುತ್ತದೆ. ಆದರೆ ಪರೀಕ್ಷೆ ಮಾಡಿದ ಹುಡುಗಿ ಮೊದಲೇ ಎಚ್ಚರಿಸಿದ್ದಳು: "ಸದ್ದು ಕೇಳೋದು ಕಿವಿ, ಆರಿಸೋದು ಮಿದುಳು ತಾತ. ನಿಮ್ಮ ಮಿದುಳಿಗೆ ಅಭ್ಯಾಸ ತಪ್ಪಿದೆ. ಮೊದಲು ದಿನಕ್ಕೆ ಎರಡು ಗಂಟೆ, ಆಮೇಲೆ ಹೆಚ್ಚಿಸಿ. ಒಂದೆರಡು ತಿಂಗಳು ಕೊಡಿ." ಕೊಟ್ಟೆ. ಮೂರನೇ ವಾರ ಹಿತ್ತಲ ಹುಣಸೆಮರದಲ್ಲಿ ಗಿಳಿಗಳಿವೆ ಎಂದು ತಿಳಿಯಿತು. "ಯಾವಾಗ ಬಂದವು?" ಎಂದು ನನ್ನಾಕೆಯನ್ನು ಕೇಳಿದೆ. "ಅವು ಎಲ್ಲಿ ಹೋಗಿದ್ದವು?" ಎಂದಳು.

ಅಜ್ಜ ಅಜ್ಜಿಯರೇ, ನನ್ನ ವಯಸ್ಸಿನ ಸಲಿಗೆಯಿಂದ ನಾಲ್ಕು ಮಾತು. ಕಣ್ಣು ಮಂಜಾದರೆ ನಾವು ನಾಚದೆ ಕನ್ನಡಕ ಹಾಕುತ್ತೇವೆ, ಕಿವಿಗೆ ಮಾತ್ರ ಏಕೆ ನಾಚಿಕೆ? ಕೇಳಿಸದಿದ್ದರೆ "ಇನ್ನೊಂದು ಸಲ ಹೇಳಪ್ಪ" ಎನ್ನಿ, ಅದರಲ್ಲಿ ಅವಮಾನವಿಲ್ಲ. ಕೇಳಿಸದೆ ಕೇಳಿಸದೆ ಮನುಷ್ಯ ಮೂಲೆ ಸೇರುತ್ತಾನೆ. ಕಿವಿಯ ಮಂದತನವನ್ನು ಹಾಗೇ ಬಿಟ್ಟರೆ ಮರೆವಿನ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ ಎಂದು ವೈದ್ಯ ತಜ್ಞರು ಹೇಳುತ್ತಾರೆ. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಬೆಂಕಿಕಡ್ಡಿ, ಪಿನ್ನು ಹಾಕುವುದು ಬೇಡ. ತುಮಕೂರಿನಂಥ ಜಿಲ್ಲಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆಂದು ಇದೆ. ಯಂತ್ರ ಕೊಳ್ಳಲು ಶಕ್ತಿಯಿಲ್ಲದ 60 ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ವಿಚಾರಿಸಿ.

ಮಕ್ಕಳೇ, ನಿಮಗೂ ನಾಲ್ಕು ಮಾತು. ನಿಮ್ಮ ಠೇವಣಿ ಈಗ ತುಂಬಿದೆ, ಅದನ್ನು ಇಯರ್‌ಫೋನಿಗೆ ಸುರಿಯಬೇಡಿ. ದನಿಯನ್ನು ಅರ್ಧದ ಸ್ವಲ್ಪ ಮೇಲಕ್ಕೆ ದಾಟಿಸಬೇಡಿ, ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡಿ. ಪಟಾಕಿ ಹಚ್ಚಿದರೆ ದೂರ ನಿಲ್ಲಿ. ಒಂದೇ ದೊಡ್ಡ ಸಿಡಿತದಿಂದಲೂ ಆ ಸೂಕ್ಷ್ಮ ಕೋಶಗಳು ಸಾಯಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯಿಂದ ನಿಯಮವೇ ಇದೆ. ಅದು ಬರೀ ನಿದ್ದೆಗಲ್ಲ, ನಿಮ್ಮ ಕಿವಿಗೂ ಹೌದು. ಇನ್ನು ತಾತನ ಹತ್ತಿರ ಮಾತಾಡುವಾಗ ಇನ್ನೊಂದು ಕೋಣೆಯಿಂದ ಕೂಗಬೇಡಿ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಹೇಳಿ. ಕಿರುಚಿದರೆ ಕೇಳಿಸುವುದಿಲ್ಲ, ಕೋಪ ಬಂದಿದೆ ಎಂದಷ್ಟೇ ಅನ್ನಿಸುತ್ತದೆ. ಎರಡನೇ ಸಲ ಕೇಳಿದಾಗ "ಏನೂ ಇಲ್ಲ ಬಿಡು" ಎಂದು ಮಾತ್ರ ಅನ್ನಬೇಡಿ. ನಮಗೆ ಎಲ್ಲಕ್ಕಿಂತ ನೋಯುವ ಮಾತು ಅದು.

ಪುಟ್ಟಿಯ ಕೋಪ ಇಳಿಯಲು ಹತ್ತು ದಿನ ಬೇಕಾಯಿತು. ಯಂತ್ರ ಬಂದು ಒಂದು ತಿಂಗಳ ಮೇಲೆ ನಾನೇ ಕೇಳಿದೆ: "ಆ ಹಾಡು ಇನ್ನೊಂದ್ಸಲ ಹಾಡ್ತೀಯಾ?" ಅವಳು ಒಳಗೆ ಹೋಗಿ ಒಂದು ಕುರ್ಚಿ ತಂದು ಹಾಕಿ, ಅದರ ಮೇಲೆ ನೀರಿನ ಬಾಟಲಿ ಇಟ್ಟಳು. ಬಾಟಲಿ ಎತ್ತಿ ಕೈಯಲ್ಲಿ ಹಿಡಿದುಕೊಂಡು ನಾನು ಕೂತೆ. ಒಂದು ಜನಪದ ಗೀತೆ. ಮೂರನೇ ನುಡಿಗೆ ಬಂದಾಗ ಅವಳು ಥಟ್ಟನೆ ನಿಲ್ಲಿಸಿ, "ಈಗ ಏನ್ ಹಾಡ್ದೆ ಹೇಳು ನೋಡೋಣ" ಅಂದಳು. ಮೊದಲ ಸಾಲು ಹೇಳಿದೆ. ಎರಡನೆಯದು ಬರಲಿಲ್ಲ. ಹಳೇ ಅಭ್ಯಾಸದಂತೆ ಹೂಂ ಎಂದು ತೇಲಿಸಿಬಿಡೋಣ ಅನ್ನಿಸಿತು. "ಅದು ಸರಿಯಾಗಿ ಕೇಳಿಸ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಹಾಡು" ಅಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಕುರ್ಚಿಯ ಹತ್ತಿರಕ್ಕೆ ಬಂದು ನಿಂತು ಮೊದಲಿನಿಂದ ಹಾಡಿದಳು.

ಈ ವಾರದ ಕೆಲಸ: ಒಂದು ಸಂಜೆ ಮೊಮ್ಮಕ್ಕಳು, ಅಜ್ಜ ಅಜ್ಜಿಯರು ಒಟ್ಟಿಗೆ ಜಗುಲಿಯ ಮೇಲೆ ಕೂತು ಐದು ನಿಮಿಷ ಕಣ್ಣು ಮುಚ್ಚಿ. ಕೇಳಿಸಿದ ಸದ್ದುಗಳನ್ನೆಲ್ಲ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ, ಆಮೇಲೆ ಹೋಲಿಸಿ. ಪುಟ್ಟಿಯ ಪಟ್ಟಿಯಲ್ಲಿ ಹದಿನೇಳು ಇದ್ದವು, ನನ್ನದರಲ್ಲಿ ಹನ್ನೊಂದು. ಉಳಿದ ಆರನ್ನು ಅವಳು ನನಗೆ ಒಂದೊಂದಾಗಿ ಹೇಳಿದಳು. ಒಂದೊಂದಕ್ಕೂ ನಾನು ಕಿವಿಗೊಟ್ಟು, ಕೇಳಿಸಿದ ಮೇಲೆ ಮಾತ್ರ, ಹೂಂ ಅಂದೆ. ನಾಲ್ಕಕ್ಕೆ ಅಂದೆ. ಎರಡಕ್ಕೆ ಅನ್ನಲಿಲ್ಲ.